ಆರು ಸೆಕೆಂಡು

ಏನೋ ಹುಡುಕ್ತಾ ಇದ್ದೆ, ಫ್ರಾನ್ಸಿನ ನಿಕೋಲಾ ಕರಬಾಟಿಚ್ ಆಡಿದ ಕೊನೇ ಹ್ಯಾಂಡ್‌ಬಾಲ್ ಮ್ಯಾಚ್ ಸಿಕ್ತು. 2024ರ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್, ಎದುರಿಗೆ ಜರ್ಮನಿ. ಫ್ರಾನ್ಸ್ ಒಂದು ಗೋಲು ಮುಂದೆ, ಬಾಲೂ ಅವರ ಕೈಲೇ, ಇನ್ನು ಆರೇ ಸೆಕೆಂಡು... ಸುಮ್ನೆ ಹಿಡ್ಕೊಂಡಿದ್ರೂ ಸಾಕಿತ್ತು ಮಾರಾಯ್ರೆ! ಒಂದು ಪಾಸ್ ಹೋಗಿ ಜರ್ಮನಿಯವ್ರ ಕೈಗೆ ಬಿತ್ತು, ಗೋಲು, ಸಮ ಆಯ್ತು, ಎಕ್ಸ್‌ಟ್ರಾ ಟೈಮಲ್ಲಿ ಜರ್ಮನಿ 35-34ರಲ್ಲಿ ಗೆದ್ದು, ಮುಗೀತು.

ಮೂರು ಒಲಿಂಪಿಕ್ ಚಿನ್ನ ಗೆದ್ದ ಮನುಷ್ಯ, ವಯಸ್ಸು 40, ಕೊನೇ ದಿನ ಹಿಂಗೆ.

ನಂಗೆ ತಲೇಲಿ ಉಳಿದಿದ್ದು ಮಾತ್ರ ಅಂಟು. ಬಾಲ್ ಜಾರ್ಬಾರ್ದು ಅಂತ ಬೆರಳಿಗೆಲ್ಲ ಮೆತ್ಕೋತಾರಲ್ಲ, ಕೆಲವರು ಶೂ ಮೇಲೂ ಒಂದಿಷ್ಟು ಇಟ್ಕೊಂಡಿರ್ತಾರೆ, ಸೋಪಿಗೂ ಬೇಗ ಬಗ್ಗಲ್ಲ ಅದು. ಅವತ್ತು ಅದನ್ನ ಉಜ್ಜಿ ಉಜ್ಜಿ ತೊಳೀತಿದ್ದಾಗ ಕರಬಾಟಿಚ್‌ಗೆ, ನಾಳೆಯಿಂದ ಇದು ಬೇಡ ಅಂತ ಎಷ್ಟೊತ್ತಿಗೆ ಹೊಳೀತೋ ಏನೋ.