ನಮ್ಮ ಹೊಗೆ, ಅರಬ್ಬಿ ಸಮುದ್ರದ ಉಪ್ಪು

ಡಿಸೆಂಬರ್ ಬಂತೆಂದರೆ ಧಾರವಾಡದಲ್ಲಿ ಮೂಡಗಾಳಿ. ಮಳೆಗಾಲದಲ್ಲಿ ಸಮುದ್ರದಿಂದ ಬರುವ ಗಾಳಿ ಈಗ ದಿಕ್ಕು ಬದಲಿಸಿ, ಘಟ್ಟ ಇಳಿದು ಕಾರವಾರ, ಅಂಕೋಲಾದ ಕಡೆ ಹೋಗುತ್ತದೆ. ಹುಬ್ಬಳ್ಳಿ ಬೈಪಾಸಿನ ಲಾರಿ ಹೊಗೆಯನ್ನೂ ಜೊತೆಗೇ ಒಯ್ಯುತ್ತದೆ. ನಮ್ಮ ಉಪಖಂಡದ ಹೊಗೆ ಹಿಂದೂ ಮಹಾಸಾಗರದ ಮೇಲೆ ದೂರದೂರದವರೆಗೆ ಹರಡಿದ್ದನ್ನು 1999ರ ಇಂಡೋಯೆಕ್ಸ್ (ಹಿಂದೂ ಮಹಾಸಾಗರ ಪ್ರಯೋಗ) ಅಧ್ಯಯನವೇ ತೋರಿಸಿತ್ತು.

"ಸರ್, ಸಮುದ್ರದ ಗಾಳಿ ಕಟ್ಕೊಂಡು ನಮಗೇನ್ ಆಗಬೇಕ್ರೀ?" ಎಂದು ಪಿಯುಸಿ ಹುಡುಗನೊಬ್ಬ ಕೇಳಿದಾಗ ನಾನು ಮೊದಲು ಹೇಳಿದ್ದು ಇದನ್ನೇ.

ಅಲೆಯ ನೊರೆಗುಳ್ಳೆ ಒಡೆದಾಗ ಸಣ್ಣ ಸಣ್ಣ ಉಪ್ಪಿನ ಹನಿಗಳು ಗಾಳಿಗೆ ಹಾರುತ್ತವೆ. ಸಮುದ್ರದ ನೀರಿನ ಪಿಎಚ್ ಸುಮಾರು 8.1, ಸ್ವಲ್ಪ ಕ್ಷಾರ. ಆದರೆ ಒಂದು ಹನಿಯಲ್ಲಿ ಕ್ಷಾರ ಎಷ್ಟಿದ್ದೀತು? ಹೊಗೆ ತುಂಬಿದ ಗಾಳಿಯಲ್ಲಿ ನಿಮಿಷಗಳಲ್ಲೇ ತೀರಿಹೋಗುತ್ತದೆ. ದಪ್ಪ ಕಣಗಳ ಪಿಎಚ್ 4ರ ಆಸುಪಾಸಿಗೆ ಬರಬಹುದು. ಪಿಎಚ್ ಒಂದು ಇಳಿದರೆ ಆಮ್ಲ ಹತ್ತು ಪಟ್ಟು ಏರುತ್ತದೆ, ಅಂದರೆ ಇಲ್ಲಿ ಆಮ್ಲ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ. ತೀರಾ ಸಣ್ಣ ಕಣಗಳಲ್ಲಿ 2ಕ್ಕೂ ಇಳಿಯುತ್ತದೆ.

ಆಮೇಲೆ ನಡೆಯುವುದು ನಮ್ಮ ಲ್ಯಾಬಿನ ಸಾಲ್ಟ್ ಅನಾಲಿಸಿಸ್‌ನಲ್ಲಿ ನಡೆಯುವುದೇ. ಟೆಸ್ಟ್ ಟ್ಯೂಬಿನಲ್ಲಿ ಚಿಟಿಕೆ ಉಪ್ಪು, ಮೇಲೆ ಗಾಢ ಸಲ್ಫ್ಯೂರಿಕ್ ಆಸಿಡ್. ಬುಸ್ಸನೆ ನೊರೆ ಎದ್ದು ಮೂಗಿಗೆ ಚುಚ್ಚುವ ಹೈಡ್ರೋಕ್ಲೋರಿಕ್ ಆಸಿಡ್ ಅನಿಲ ಬರುತ್ತದೆ. ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿ ಟ್ಯೂಬಿನ ಬಾಯಿಗೆ ಹಿಡಿದರೆ ದಟ್ಟ ಬಿಳಿ ಹೊಗೆ. ಸಮುದ್ರದ ಮೇಲೆ ಹಡಗಿನ ಗಂಧಕ ಸಲ್ಫ್ಯೂರಿಕ್ ಆಸಿಡ್ ಆಗುತ್ತದೆ, ಎಂಜಿನ್ನುಗಳ ನೈಟ್ರೋಜನ್ ಆಕ್ಸೈಡ್ ನೈಟ್ರಿಕ್ ಆಸಿಡ್ ಆಗುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಇವೆರಡಕ್ಕಿಂತ ಬೇಗ ಆವಿಯಾಗುತ್ತದೆ, ಹಾಗಾಗಿ ಉಪ್ಪಿನ ಕ್ಲೋರೈಡನ್ನು ಹೊತ್ತುಕೊಂಡು ಜಾಗ ಬಿಡುವುದು ಅದೇ. ಉಳಿಯುವುದು ಸೋಡಿಯಂ ನೈಟ್ರೇಟ್, ಸಲ್ಫೇಟ್.

ಇದನ್ನು ಪತ್ತೆ ಹಚ್ಚುವ ರೀತಿ ನನಗೆ ಬಹಳ ಇಷ್ಟ. ಸಮುದ್ರದ ನೀರಲ್ಲಿ 1 ಗ್ರಾಂ ಸೋಡಿಯಂಗೆ ಸುಮಾರು 1.8 ಗ್ರಾಂ ಕ್ಲೋರೈಡ್ ಇರುತ್ತದೆ. ಗಾಳಿಯಿಂದ ಹಿಡಿದ ಉಪ್ಪಿನಲ್ಲಿ ಕ್ಲೋರೈಡ್ ಅದಕ್ಕಿಂತ ಕಡಿಮೆ ಬಂದರೆ, ಆಸಿಡ್ ಕೈಯಾಡಿಸಿದೆ ಎಂದೇ ಲೆಕ್ಕ.

ರಾತ್ರಿ ಇನ್ನೊಂದು ದಾರಿಯಲ್ಲೂ ಕ್ಲೋರಿನ್ ಹೊರಬರುತ್ತದೆ. ಬೆಳಗಿನ ಬಿಸಿಲಿಗೆ ಅದು ಬಿಡಿ ಪರಮಾಣುವಾಗಿ, ಕರಾವಳಿಯಲ್ಲಿ ಉಸಿರಾಡುವ ಗಾಳಿಗೆ ಓಝೋನ್ ಸೇರಿಸುತ್ತದೆ.

2020ರಲ್ಲಿ ಹಡಗಿನ ಇಂಧನದ ಗಂಧಕದ ಮಿತಿಯನ್ನು 3.5 ಪ್ರತಿಶತದಿಂದ 0.5ಕ್ಕೆ ಇಳಿಸಿದರು. ಒಳ್ಳೆಯದೇ ಆಯಿತು. ಆದರೆ ಅದೇ ವರ್ಷ ನಮ್ಮ ವಾಹನಗಳಿಗೆ ಬಂದ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಪಾಲು. ಹಡಗಿಗೆ ಬಿಟ್ಟಿರುವುದು ಇದರ 500 ಪಟ್ಟು! ಬಾಲ್ಟಿಕ್ ಸಮುದ್ರದಲ್ಲಿ 2015ರಿಂದಲೇ 0.1 ಪ್ರತಿಶತದ ಮಿತಿ ಇದೆ. ಅರಬ್ಬಿ ಸಮುದ್ರಕ್ಕೂ ಆ ಮಿತಿ ಬರಲೇಬೇಕು.