ಲಕ್ಸರ್‌ಗೆ ಹೋಗ್ತೀರಾ? ಅಮುನ್ ಒಬ್ಬನನ್ನು ಹಿಡಿದುಕೊಳ್ಳಿ

ಈಜಿಪ್ಟ್‌ಗೆ ಹೊರಟವರು ಮೊದಲು ಪಿರಮಿಡ್ ಬಗ್ಗೆ ಓದಿಕೊಳ್ಳುತ್ತಾರೆ. ಲಕ್ಸರ್‌ಗೆ ಬಂದಾಗ ಆ ಓದು ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಎತ್ತ ತಿರುಗಿದರೂ ದೇವಸ್ಥಾನ, ಗೋಡೆ ತುಂಬ ದೇವರು. ಸ್ವಲ್ಪ ಹೊತ್ತಿಗೇ ತಲೆ ಗಿರ್ ಅನ್ನುತ್ತದೆ. ಎಲ್ಲರ ಹೆಸರು ನೆನಪಿಡುವ ಗೋಜಿಗೆ ಹೋಗಬೇಡಿ. ಅಮುನ್ ಒಬ್ಬನನ್ನು ಗುರುತು ಹಿಡಿಯುವುದು ಕಲಿತರೆ ಸಾಕು, ಊರು ಅರ್ಥವಾಗುತ್ತದೆ.

ಗುರುತು ಸುಲಭ. ತಲೆಯ ಮೇಲೆ ನೆಟ್ಟಗೆ ನಿಂತ ಎರಡು ಉದ್ದ ಗರಿ ಇದ್ದರೆ ಹೆಚ್ಚಾಗಿ ಅದು ಅಮುನ್. ಹೆಸರು ಓದುವುದೂ ಕಷ್ಟವಲ್ಲ: ಒಂದು ಜೊಂಡಿನ ಎಲೆ, ಕಾಯಿ ಜೋಡಿಸಿಟ್ಟ ಆಟದ ಮಣೆ, ಅದರ ಕೆಳಗೆ ನೀರಿನ ಅಲೆಯ ಗೆರೆ. ಈ ಮೂರನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಹುಡುಕಲು ಬಿಡಿ, ಬೇಜಾರು ಅನ್ನುವ ಮಾತೇ ಬರುವುದಿಲ್ಲ.

ಅಮುನ್ ಮೊದಲು ಇಡೀ ದೇಶದ ದೊಡ್ಡ ದೇವರಾಗಿರಲಿಲ್ಲ. ಥೀಬ್ಸ್‌ನ, ಅಂದರೆ ಇವತ್ತಿನ ಲಕ್ಸರ್‌ನ, ಊರ ದೇವರು. ಕ್ರಿ.ಪೂ. 16ನೇ ಶತಮಾನದಲ್ಲಿ ಥೀಬ್ಸ್‌ನ ರಾಜರು ಉತ್ತರ ಭಾಗ ಆಳುತ್ತಿದ್ದ ಹೊರಗಿನವರಾದ ಹಿಕ್ಸೋಸರನ್ನು ಓಡಿಸಿ ದೇಶವನ್ನೆಲ್ಲ ಆಳತೊಡಗಿದರು. ರಾಜರ ಜೊತೆ ಅವರ ದೇವರಿಗೂ ಬಡ್ತಿ! ಹಳೆಯ ಸೂರ್ಯದೇವರು ರಾ ಜೊತೆ ಸೇರಿ ಅಮುನ್-ರಾ ಆದ. ಯುದ್ಧ ಗೆದ್ದಾಗಲೆಲ್ಲ ಕೊಳ್ಳೆಯಲ್ಲಿ ಅವನಿಗೂ ಪಾಲು. ಇಲ್ಲಿನ ಅವನ ದೇವಸ್ಥಾನ ಕಾರ್ನಕ್ ಇಷ್ಟು ದೊಡ್ಡದಾಗಿದ್ದು ಹಾಗೆ.

ಕೈರೋದಿಂದ ವಿಮಾನದಲ್ಲಿ ಒಂದು ಗಂಟೆಯ ದಾರಿ, ರೈಲಾದರೆ ಒಂದು ರಾತ್ರಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಬೇಡ. ದೊಡ್ಡ ತಾಣಗಳಲ್ಲಿ ಟಿಕೆಟ್‌ಗೆ ಕಾರ್ಡ್ ಕೇಳುತ್ತಾರೆ. ನಿಮ್ಮ ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಆಗಿದೆಯಾ ಅಂತ ಊರಲ್ಲೇ ನೋಡಿಕೊಳ್ಳಿ.

ಕಾರ್ನಕ್‌ಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಟೂರ್ ಬಸ್ಸುಗಳು ಬಂದಮೇಲೆ ಕಂಬಗಳ ಸಭಾಂಗಣದಲ್ಲಿ ಬರೀ ಸೆಲ್ಫಿ ಕೋಲು ಕಾಣುತ್ತವೆ. ಒಟ್ಟು 134 ಕಂಬ. ನಡುವಿನ 12 ಕಂಬಗಳು ಸುಮಾರು 21 ಮೀಟರ್ ಎತ್ತರ. ಮೇಲೆ ನೋಡಿ, ಹಳೆಯ ಬಣ್ಣ ಅಲ್ಲಲ್ಲಿ ಉಳಿದಿದೆ. ಗೈಡ್‌ಗಳು ಇಲ್ಲೇ ಅರ್ಧ ಗಂಟೆ ಕಳೆದು ಉಳಿದದ್ದನ್ನು ಓಡಿಸಿಬಿಡುತ್ತಾರೆ. ನೀವು ಮುಂದೆ ಹೋಗಲೇಬೇಕು.

ಪವಿತ್ರ ಕೊಳದ ಹತ್ತಿರ ಹಟ್ಶೆಪ್ಸುಟ್ ರಾಣಿಯ ಬಿದ್ದ ಕಲ್ಲುಕಂಬದ ತುದಿ ಇದೆ. ಬಹಳ ಕಾಲ ಮಲಗಿತ್ತು, 2022ರಲ್ಲಿ ಎತ್ತಿ ನಿಲ್ಲಿಸಿದರು. ಜೋಡಿ ಕಂಬ ಇನ್ನೂ ನಿಂತಿದೆ, ಸುಮಾರು 30 ಮೀಟರ್, ಒಂದೇ ಕಲ್ಲು. ಆದರೆ ಅದರ ತುದಿ ನೋಡಲು ಕುತ್ತಿಗೆ ನೋಯುತ್ತದೆ. ಬಿದ್ದದ್ದರ ತುದಿ ಅಷ್ಟು ಎತ್ತರದಲ್ಲಿಲ್ಲ. ಮಂಡಿಯೂರಿದ ರಾಣಿ, ಅವಳ ಹಿಂದೆ ಅಮುನ್. ಸರಿಯಾಗಿ ನೋಡಿ, ಅಮುನ್ ಇರುವ ಜಾಗ ಸುತ್ತಲಿನಷ್ಟು ನುಣುಪಾಗಿಲ್ಲ. ಅಖೆನಾತೆನ್ ರಾಜ ಸೂರ್ಯಬಿಂಬದ ದೇವರಾದ ಆತೆನ್ ಒಬ್ಬನನ್ನೇ ಪೂಜಿಸಬೇಕೆಂದು ಅಮುನ್‌ನ ಚಿತ್ರ, ಹೆಸರು ಎಲ್ಲವನ್ನೂ ಕೆತ್ತಿ ಹಾಕಿಸಿದ. ಅವನು ಸತ್ತಮೇಲೆ ಮತ್ತೆ ಕೆತ್ತಿದರು. ಆ ಜಗಳದ ಗಾಯ ಇದು. ಪಕ್ಕದಲ್ಲೇ ಇರುವ ಕಲ್ಲಿನ ದುಂಬಿಗೆ ಜನ ಸುತ್ತು ಹಾಕುತ್ತಿರುತ್ತಾರೆ, ಈ ಕಲ್ಲಿನ ಕಡೆ ತಿರುಗುವವರು ಕಡಿಮೆ.

ಕಾವಲುಗಾರರು ಬಾ ಬಾ ಎಂದು ಮೂಲೆಗೆ ಕರೆದು ಏನೋ ತೋರಿಸಿ ಕೈ ಚಾಚುತ್ತಾರೆ. ಬಕ್ಷೀಸು ಇಲ್ಲಿ ಮಾಮೂಲು. ಇಷ್ಟವಿದ್ದರೆ ಹೋಗಿ, ಚಿಲ್ಲರೆ ನೋಟು ಜೇಬಲ್ಲಿರಲಿ.

ಸಂಜೆಗೆ ಲಕ್ಸರ್ ದೇವಸ್ಥಾನ. ವರ್ಷಕ್ಕೊಮ್ಮೆ, ನೈಲ್ ಉಕ್ಕುವ ಕಾಲದಲ್ಲಿ, ಓಪೆಟ್ ಹಬ್ಬಕ್ಕೆ ಅಮುನ್ ಕಾರ್ನಕ್‌ನಿಂದ ಇಲ್ಲಿಗೆ ಬರುತ್ತಿದ್ದ. ಜೊತೆಗೆ ಹೆಂಡತಿ ಮುತ್, ಮಗ ಖೋನ್ಸು. ದೋಣಿಯಾಕಾರದ ಪಲ್ಲಕ್ಕಿ, ಹೊರಲು ಪೂಜಾರಿಗಳು. ಉತ್ಸವಮೂರ್ತಿ ಹೊರಟಾಗ ಬೀದಿ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಎರಡೂ ದೇವಸ್ಥಾನಗಳನ್ನು ಸೇರಿಸುವ 2.7 ಕಿ.ಮೀ. ಸ್ಫಿಂಕ್ಸ್ ಬೀದಿ 2021ರಲ್ಲಿ ಮತ್ತೆ ತೆರೆಯಿತು. ನೆರಳಿಲ್ಲ, ಬಿಸಿಲಿಳಿದ ಮೇಲೆ ನಡೆಯಿರಿ. ಮಂಡಿ ನೋವಿರುವವರು ಟ್ಯಾಕ್ಸಿ ಹಿಡಿಯಿರಿ, ಸ್ಫಿಂಕ್ಸ್‌ಗಳು ಎರಡು ತುದಿಯಲ್ಲೂ ಬೇಕಾದಷ್ಟಿವೆ.

ಲಕ್ಸರ್ ದೇವಸ್ಥಾನ ರಾತ್ರಿಯೂ ತೆರೆದಿರುತ್ತದೆ, ದೀಪದ ಬೆಳಕಿನಲ್ಲಿ ಕೆತ್ತನೆ ಇನ್ನೂ ಚೆನ್ನಾಗಿ ಎದ್ದು ಕಾಣುತ್ತದೆ. ಒಳಗಡೆ ಅಲೆಕ್ಸಾಂಡರ್ ಫೇರೋ ವೇಷದಲ್ಲಿ ಅಮುನ್ ಎದುರು ನಿಂತಿದ್ದಾನೆ. ಹೊರಗಿನ ಅಂಗಳದ ಮೇಲ್ಭಾಗದಲ್ಲಿ ಅಬು ಹಗ್ಗಾಗ್ ಮಸೀದಿ, ಈಗಲೂ ನಮಾಜ್ ನಡೆಯುತ್ತದೆ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಕೊಶಾರಿ ಕೇಳಿ: ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಟೊಮೆಟೊ ಸಾಸು, ಹುರಿದ ಈರುಳ್ಳಿ. ಖಾರದ ಸಾಸು ಬೇರೆ ಕೊಡುತ್ತಾರೆ, ಧಾರಾಳವಾಗಿ ಹಾಕಿಕೊಳ್ಳಿ. ಮರುದಿನ ಪಶ್ಚಿಮ ದಡಕ್ಕೆ ಹೋಗುವುದಾದರೆ ಸ್ಥಳೀಯರ ದೋಣಿ ಹತ್ತಿ, ಟ್ಯಾಕ್ಸಿಗಿಂತ ತುಂಬಾ ಅಗ್ಗ. ಅಲ್ಲಿ ಹಟ್ಶೆಪ್ಸುಟ್‌ಳ ದೇವಸ್ಥಾನದ ಎರಡನೇ ಅಂತಸ್ತಿನಲ್ಲಿ, ಬಲಗಡೆ, ಅಮುನ್ ತನ್ನ ತಂದೆ ಎಂದು ಅವಳು ಕೆತ್ತಿಸಿದ ಹುಟ್ಟಿನ ಕಥೆಯಿದೆ. ಗೆರೆಗಳು ಮಾಸಿವೆ, ಟಾರ್ಚ್ ಬದಲು ಬೆಳಗಿನ ಓರೆ ಬಿಸಿಲಿದ್ದಾಗ ನೋಡಿ.