ಹಳೇ ಲ್ಯಾಪ್‌ಟಾಪ್‌ನಲ್ಲಿ ನೆಟ್ ನಿಧಾನವಾ? ದೊಡ್ಡ ಪ್ಲಾನ್ ಹಾಕಿಸುವ ಮೊದಲು ಇಷ್ಟು ನೋಡಿ

ನೆಟ್ ನಿಧಾನ ಅಂದ ಕೂಡಲೇ ಎಲ್ಲರೂ ಎರಡೇ ಸಲಹೆ ಕೊಡುತ್ತಾರೆ. ದೊಡ್ಡ ಪ್ಲಾನ್ ಹಾಕಿಸು, ಇಲ್ಲಾಂದ್ರೆ ಹೊಸ ಲ್ಯಾಪ್‌ಟಾಪ್ ತಗೋ. ಎರಡಕ್ಕೂ ದುಡ್ಡು ಬೇಕು, ಮತ್ತು ಎಷ್ಟೋ ಸಲ ಎರಡೂ ಬೇಕಾಗಿರುವುದಿಲ್ಲ. ಚೆನ್ನಾಗಿ ಕೆಲಸ ಮಾಡುವ ಯಂತ್ರವನ್ನು ಸುಮ್ನೆ ಮೂಲೆಗೆ ಹಾಕುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಕ್ಕ ಮನೆಯಲ್ಲೇ ಕೂತು ಅಕೌಂಟ್ಸ್ ಕೆಲಸ ಮಾಡುತ್ತಾಳೆ. ಜಿಎಸ್‌ಟಿ ರಿಟರ್ನ್ ಹಾಕುವ 20ನೇ ತಾರೀಕು ಹತ್ತಿರ ಬಂತೆಂದರೆ ನಿಧಾನದ ನೆಟ್ ಅಂದರೆ ತಲೆನೋವು. ಮನೆಗೆ ಬರುವುದು 100 ಎಂಬಿಪಿಎಸ್ ಫೈಬರ್, ಲ್ಯಾಪ್‌ಟಾಪ್ 2014ರ ಸುಮಾರಿನದು. ಲ್ಯಾಪ್‌ಟಾಪ್ ಪಕ್ಕದಲ್ಲೇ ಅವಳ ಫೋನ್ ಇಟ್ಟು, ಅದೇ ವೈಫೈನಲ್ಲಿ ಎರಡರಲ್ಲೂ ಸ್ಪೀಡ್ ಟೆಸ್ಟ್ ಮಾಡಿದೆ. ಫೋನ್‌ನಲ್ಲಿ 90ರ ಮೇಲೆ, ಲ್ಯಾಪ್‌ಟಾಪ್‌ನಲ್ಲಿ 20ರ ಆಸುಪಾಸು. ಆಮೇಲೆ ರೂಟರ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಅದರಲ್ಲೂ 90 ದಾಟಿತು. ಅಲ್ಲಿಗೆ ಲೈನ್ ಸರಿಯಿದೆ, ತೊಂದರೆ ಇರುವುದು ಲ್ಯಾಪ್‌ಟಾಪ್‌ನ ವೈಫೈನಲ್ಲಿ ಅಂತ ಗೊತ್ತಾಯಿತು. ಈ ಎರಡು ಪರೀಕ್ಷೆ ಮಾಡದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಡಿ. ಕೇಬಲ್ ಹಾಕಿದರೂ ನಿಧಾನ ಇದ್ದು ಫೋನ್‌ನಲ್ಲೂ ನಿಧಾನ ಇದ್ದರೆ ಆಗ ಖಂಡಿತ ಮಾಡಿ.

ಇಲ್ಲೊಂದು ಮಾತು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಿ. ಫೈಲ್ ಡೌನ್‌ಲೋಡ್ ಆಗುವಾಗ ಸೆಕೆಂಡಿಗೆ 11-12 ಎಂಬಿ ತೋರಿಸಿದರೆ ನಿಮಗೆ ಪೂರ್ತಿ ವೇಗವೇ ಸಿಗುತ್ತಿದೆ.

ಈಗ ವೈಫೈ ವಿಷಯ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗಕ್ಕೆ ಹೋಗಿ, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದು ಕೆಳಗೆ ನೋಡಿ. ಬ್ಯಾಂಡ್ ಯಾವುದು (ವೈಫೈ ಬಳಸುವ ರೇಡಿಯೋ ಅಲೆ, ಸಾಮಾನ್ಯವಾಗಿ 2.4 ಇಲ್ಲವೇ 5 ಗಿಗಾಹರ್ಟ್ಸ್), ಲಿಂಕ್ ಸ್ಪೀಡ್ (ರೂಟರ್ ಮತ್ತು ಲ್ಯಾಪ್‌ಟಾಪ್ ನಡುವಿನ ವೇಗ) ಎಷ್ಟು ಅಂತ ಇರುತ್ತದೆ. ಅಕ್ಕನದರಲ್ಲಿ 2.4 ಗಿಗಾಹರ್ಟ್ಸ್, 72 ಎಂಬಿಪಿಎಸ್ ಅಂತಿತ್ತು. ಆ ಕಾಲದ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾದ, 2.4 ಮಾತ್ರ ಗೊತ್ತಿರುವ ವೈಫೈ ಕಾರ್ಡ್ ಹಾಕಿರುತ್ತಿದ್ದರು. 5 ಗಿಗಾಹರ್ಟ್ಸ್ ವೈಫೈ ಅದರ ಕಣ್ಣಿಗೇ ಬೀಳುವುದಿಲ್ಲ. ಲಿಂಕ್ ಸ್ಪೀಡ್ 72 ಅಂತಿದ್ದರೂ ಕೈಗೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ, ಅದೂ ಅಕ್ಕಪಕ್ಕದ ವೈಫೈಗಳ ಗದ್ದಲ ಇಲ್ಲದಿದ್ದರೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು (ಅಲೆಯೊಳಗಿನ ದಾರಿಗಳು) ಮೂರೇ, 1, 6 ಮತ್ತು 11. ಅಪಾರ್ಟ್‌ಮೆಂಟ್‌ನಲ್ಲಿ ಮೇಲಿನವರು, ಕೆಳಗಿನವರು, ಎದುರುಮನೆಯವರು ಎಲ್ಲರ ರೂಟರ್‌ಗಳೂ ಅದೇ ಮೂರನ್ನು ಹಂಚಿಕೊಳ್ಳಬೇಕು, ಜೊತೆಗೆ ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆ ಬೇರೆ. ಇಂಥ ಕಡೆ 300 ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಈ ಲ್ಯಾಪ್‌ಟಾಪ್‌ಗೆ ಒಂದು ಚೂರೂ ಜಾಸ್ತಿ ಸಿಗುವುದಿಲ್ಲ. ಇದನ್ನು ಪ್ಲಾನ್ ಮಾರುವವರು ಯಾರೂ ಹೇಳುವುದಿಲ್ಲ ಅನ್ನುವುದೇ ನನ್ನ ಸಿಟ್ಟು.

ಪರಿಹಾರ ಸಾವಿರ ರೂಪಾಯಿಯ ಆಸುಪಾಸಿನದು. ಯುಎಸ್‌ಬಿ ವೈಫೈ ಡಾಂಗಲ್, ಅಂದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ವೈಫೈ ಸಾಧನ. ಬಾಕ್ಸ್ ಮೇಲೆ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಎರಡೂ) ಅಂತ ಇದೆಯಾ ನೋಡಿಯೇ ತಗೊಳ್ಳಿ, ಬರೀ 150 ಎಂಬಿಪಿಎಸ್ ಅಂತ ಬರೆದಿರುವ ತೀರಾ ಅಗ್ಗದ್ದು 2.4 ಮಾತ್ರ, ಅದನ್ನು ಹಾಕಿದರೆ ಏನೂ ಬದಲಾಗುವುದಿಲ್ಲ. ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳೇ ಕಾರ್ಡನ್ನು ಡಿಸೇಬಲ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಹಳೇದರಲ್ಲೇ ನೆಟ್ ಹಿಡಿದು ಕೂರಬಹುದು. 5 ಗಿಗಾಹರ್ಟ್ಸ್‌ಗೆ ಗೋಡೆ ದಾಟುವ ಶಕ್ತಿ ಕಮ್ಮಿ, ಹಾಗಾಗಿ ರೂಟರ್ ಇರುವ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಕೂರುವವರಿಗೆ ಇದು ಸರಿ. ಒಂದೇ ಜಾಗದಲ್ಲಿ ಕೂತು ಕೆಲಸ ಮಾಡುವವರಾದರೆ ಲ್ಯಾನ್ ಕೇಬಲ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ.

ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ಗೂಗಲ್‌ನ 8.8.8.8 ಹಾಕಿ ಅಂತ ಹೇಳುವವರು ಬಹಳ. ಪುಟ ತೆರೆಯಲು ಶುರುವಾಗುವುದೇ ತಡ ಆಗುತ್ತಿದ್ದರೆ ಅದರಿಂದ ಉಪಯೋಗ ಆಗಬಹುದು. ಡೌನ್‌ಲೋಡ್ ವೇಗ ಅದರಿಂದ ಏರುವುದಿಲ್ಲ. ಚಾರ್ಜರ್ ಹಾಕಿದಾಗ ಸರಿಯಾಗಿದ್ದು ಬ್ಯಾಟರಿಯಲ್ಲಿ ಮಾತ್ರ ನಿಧಾನವಾದರೆ ಪವರ್ ಆಪ್ಷನ್ಸ್‌ನಲ್ಲಿ ವೈಫೈ ಕಾರ್ಡ್‌ನ ಉಳಿತಾಯ ನಿಲ್ಲಿಸಿ.

ಸ್ಪೀಡ್ ಟೆಸ್ಟ್ ಚೆನ್ನಾಗಿ ಬಂದರೂ ಪುಟಗಳು ಒದ್ದಾಡುತ್ತಿದ್ದರೆ ಅದು ಹೆಚ್ಚಾಗಿ ನೆಟ್ ತೊಂದರೆ ಅಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ 100 ಶೇಕಡಾ ಅಂತ ಕೆಂಪಗಿದ್ದರೆ ಹಳೇ ಹಾರ್ಡ್ ಡಿಸ್ಕೇ ಕಾರಣ, ಅದರ ಬದಲು ವೇಗದ ಎಸ್‌ಎಸ್‌ಡಿ ಡ್ರೈವ್ ಹಾಕಿಸಿದರೆ ಲ್ಯಾಪ್‌ಟಾಪ್‌ನ ನಡೆಯೇ ಬದಲಾಗುತ್ತದೆ. ನೆಟ್‌ವರ್ಕ್ ಕಾಲಂನಲ್ಲಿ ಅಪ್‌ಡೇಟ್ ಇಳಿಯುತ್ತಿದೆಯಾ, ಫೋಟೋಗಳು ಹಿನ್ನೆಲೆಯಲ್ಲಿ ಕ್ಲೌಡ್‌ಗೆ ಏರುತ್ತಿವೆಯಾ ಅಂತಲೂ ನೋಡಿ. ಅಪ್‌ಲೋಡ್ ತುಂಬಿಹೋದರೆ ಡೌನ್‌ಲೋಡೂ ಕುಂಟುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇಷ್ಟು ಹಳೇ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಾದ ಯಂತ್ರಗಳ ಪಟ್ಟಿಯಲ್ಲಿ ಇಲ್ಲ. ಬ್ರೌಸರ್ ಕೆಲಸ ಮಾತ್ರ ಸಾಕು ಅನ್ನುವವರು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಬಹುದು. ಆದರೆ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅವು ಲಿನಕ್ಸ್‌ನಲ್ಲಿ ಓಡುತ್ತವಾ ಅಂತ ಮೊದಲು ವಿಚಾರಿಸಿ. ಲಿನಕ್ಸ್‌ಗೆ ಹೋಗುವ ಯೋಚನೆ ಇದ್ದರೆ ಡಾಂಗಲ್ ತಗೊಳ್ಳುವಾಗಲೇ ಅದು ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದಾ ಅಂತ ಕೇಳಿಕೊಳ್ಳಿ, ಕೆಲವಕ್ಕೆ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಬೇರೆ ಹುಡುಕಿ ಹಾಕಬೇಕಾಗುತ್ತದೆ.